ಹಿಡಿಯಬೇಕಾದರೆ ವೇಗ ತಗ್ಗಿಸಬೇಕು

ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಬಸ್ಸು ಪೀಣ್ಯ ದಾಟುವಾಗ, ಅಲ್ಲಿನ ಕೈಗಾರಿಕೆಗಳ ನಡುವೆ ಇಸ್ರೊದ ಇಸ್ಟ್ರಾಕ್ ಕೇಂದ್ರ ಇದೆಯೆಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. 2025ರ ಜನವರಿ 16ರ ಬೆಳಿಗ್ಗೆ, ತಲಾ 220 ಕಿಲೋ ತೂಕದ ಎರಡು ‘ಸ್ಪೇಡೆಕ್ಸ್’ ಉಪಗ್ರಹಗಳು ಬಾಹ್ಯಾಕಾಶದಲ್ಲಿ ಒಂದಕ್ಕೊಂದು ಬೆಸೆದುಕೊಂಡದ್ದು ಇಲ್ಲಿನ ನಿಯಂತ್ರಣದಲ್ಲಿ. ಅಮೆರಿಕ, ರಷ್ಯಾ, ಚೀನಾ ಬಿಟ್ಟರೆ ಈ ವಿದ್ಯೆ ಕೈವಶವಾದದ್ದು ನಮಗೇ. ಇದರ ಬೇರು ಹುಡುಕುತ್ತ ಹೋದರೆ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಪ್ರಬಂಧ ಸಿಗುತ್ತದೆ.

ಕುಣಿಗಲ್ ಹೆದ್ದಾರಿಯಲ್ಲಿ ಮುಂದಿನ ಲಾರಿಯನ್ನು ಹಿಡಿಯಲು ಆಕ್ಸಿಲರೇಟರ್ ಒತ್ತಿದರಾಯಿತು. ಕಕ್ಷೆಯಲ್ಲಿ ಹಾಗೆ ಮಾಡಿದರೆ ಕೆಟ್ಟಿತು. ವೇಗ ಹೆಚ್ಚಿದ ನೌಕೆ ಮೇಲಿನ, ದೊಡ್ಡ ಕಕ್ಷೆಗೆ ಏರುತ್ತದೆ. ಅಲ್ಲಿ ಒಂದು ಸುತ್ತಿಗೆ ಹೆಚ್ಚು ಹೊತ್ತು ಬೇಕು, ಹಾಗಾಗಿ ಹಿಂದೆ ಬೀಳುತ್ತದೆ. ಮುಂದಿರುವುದನ್ನು ಹಿಡಿಯಲು ವೇಗ ತಗ್ಗಿಸಿ ಕೆಳಗಿಳಿಯಬೇಕು, ಒಳಸುತ್ತಿನಲ್ಲಿ ಬೇಗ ಸುತ್ತಿ ಬಂದು ಮತ್ತೆ ಮೇಲೇರಬೇಕು. 1965ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ-4 ನೌಕೆಯ ಯಾತ್ರಿ ಜೇಮ್ಸ್ ಮ್ಯಾಕ್‌ಡಿವಿಟ್ ತಮ್ಮದೇ ರಾಕೆಟ್ಟಿನ ಕಳಚಿದ ಹಂತದತ್ತ ನೌಕೆಯ ಮೂತಿ ತಿರುಗಿಸಿ ಎಂಜಿನ್ ಉರಿಸಿದರು. ಇಂಧನ ಖರ್ಚಾಯಿತು, ಗುರಿ ದೂರವೇ ಆಯಿತು.

ಈ ಗಣಿತವೇನೂ ಹೊಸದಾಗಿರಲಿಲ್ಲ. ಚಂದ್ರನ ಚಲನೆಗಾಗಿ ಜಾರ್ಜ್ ಹಿಲ್ 1878ರಲ್ಲಿ ಬರೆದದ್ದನ್ನೇ ಹೋಲುವ ಸಮೀಕರಣಗಳನ್ನು 1960ರಲ್ಲಿ ಕ್ಲೋಹೆಸಿ ಮತ್ತು ವಿಲ್ಟ್‌ಶೈರ್ ಉಪಗ್ರಹಗಳ ಭೇಟಿಗೆ ಅನ್ವಯಿಸಿದ್ದರು. ಆದರೆ ನೌಕೆಯಲ್ಲಿ ಕುಳಿತವನ ಕಣ್ಣಿಗೆ ಇದು ಹೇಗೆ ಕಾಣುತ್ತದೆ? ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ವಾಯುಪಡೆಯ ಪೈಲಟ್ ಬಜ್ ಆಲ್ಡ್ರಿನ್ ಆರಿಸಿಕೊಂಡದ್ದು ಈ ಪ್ರಶ್ನೆಯನ್ನು. ಗುರಿಯ ಮೇಲೆ ನೆಟ್ಟ ದೃಷ್ಟಿರೇಖೆಯನ್ನೇ ಆಧರಿಸಿ ಯಾತ್ರಿ ನೌಕೆಯನ್ನು ಹತ್ತಿರ ತರುವ ವಿಧಾನ ಅವರ 1963ರ ಪ್ರಬಂಧದ ವಿಷಯ. ಅದೇ ವರ್ಷ ಅವರು ಗಗನಯಾತ್ರಿಯಾಗಿ ಆಯ್ಕೆಯಾದರು. 1966ರ ನವೆಂಬರ್‌ನಲ್ಲಿ ಜೆಮಿನಿ-12ರ ರೇಡಾರ್ ಕೈಕೊಟ್ಟಾಗ ಆಲ್ಡ್ರಿನ್ ಕೋನ ಅಳೆಯುವ ಸೆಕ್ಸ್‌ಟೆಂಟ್ ಹಿಡಿದು, ಪಟ್ಟಿಗಳನ್ನು ನೋಡಿ ಲೆಕ್ಕ ಹೇಳಿದರು. ಜೊತೆಗಿದ್ದ ಜಿಮ್ ಲೋವೆಲ್ ನೌಕೆಯನ್ನು ಗುರಿಗೆ ಜೋಡಿಸಿದರು. ಡಾಕ್ಟರೇಟ್ ಪ್ರಬಂಧವೊಂದು ಇಷ್ಟು ನೇರವಾಗಿ ಪರೀಕ್ಷೆಗೆ ಒಳಗಾಗಿ ಗೆದ್ದ ಉದಾಹರಣೆ ಅಪರೂಪ.

ಸ್ಪೇಡೆಕ್ಸ್‌ನಲ್ಲಿ ಮನುಷ್ಯರಿರಲಿಲ್ಲ; ನೋಡುವ ಕೆಲಸ ಸಂವೇದಕಗಳದ್ದು. ಹಾದಿ ಸಲೀಸಾಗಿಯೂ ಇರಲಿಲ್ಲ. ಉಪಗ್ರಹಗಳು ಎಣಿಕೆಗಿಂತ ಹೆಚ್ಚು ದೂರ ಸರಿದದ್ದರಿಂದ ಜನವರಿ 9ರ ಜೋಡಣೆ ಮುಂದಕ್ಕೆ ಹೋಯಿತು. 12ರಂದು ಮೂರು ಮೀಟರ್‌ವರೆಗೆ ತಂದು ಮತ್ತೆ ಹಿಂದಕ್ಕೆ ಸರಿಸಿದರು. ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್ ಓಡುವ ಎರಡು ವಸ್ತುಗಳನ್ನು ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ಹತ್ತಿರ ತರುವ ಕೆಲಸದಲ್ಲಿ ಈ ತಾಳ್ಮೆಯೇ ಜಾಣತನ. ಚಂದ್ರನ ಮಣ್ಣು ತರಬೇಕಾದ ಚಂದ್ರಯಾನ-4ಕ್ಕೂ, ನಮ್ಮ ಅಂತರಿಕ್ಷ ನಿಲ್ದಾಣಕ್ಕೂ ಇದೇ ವಿದ್ಯೆ ಬೇಕು.

ಆಲ್ಡ್ರಿನ್ ಪ್ರಬಂಧ ಒಪ್ಪಿಸಿದ 1963ರಲ್ಲೇ ತುಮಕೂರಿನ ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಇಂದು ಗುಬ್ಬಿಯಲ್ಲೂ ಎಂಜಿನಿಯರಿಂಗ್ ಕಾಲೇಜಿದೆ. ಕೈಗಡಿಯಾರ ತಯಾರಿಸುತ್ತಿದ್ದ ತುಮಕೂರಿನ ಎಚ್‌ಎಂಟಿ ಜಾಗ ಇಸ್ರೊಗೆ ಸೇರಿದೆ. ಹಿಲ್‌ನ ಸಮೀಕರಣ ಬಿಡಿಸಲು ಬಿ.ಇ. ಮಟ್ಟದ ಗಣಿತ ಮತ್ತು ಒಂದು ಲ್ಯಾಪ್‌ಟಾಪ್ ಸಾಕು. ಜಿಲ್ಲೆಯ ಅಧ್ಯಾಪಕರು ಈ ವರ್ಷದ ಪ್ರಾಜೆಕ್ಟ್ ವಿಷಯಗಳ ಪಟ್ಟಿಯಲ್ಲಿ ಇದಕ್ಕೂ ಒಂದು ಸಾಲು ಕೊಡಲಿ.