ಹಗುರ ರೋಟರಿಗೆ ಭಾರದ ಪರೀಕ್ಷೆ

ಮೈಸೂರಿನಿಂದ ನಂಜನಗೂಡಿಗೆ ಹೊರಟರೆ ಕಡಕೊಳದ ಬಳಿ ಟಿವಿಎಸ್ ಕಾರ್ಖಾನೆ ಸಿಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ನಾಡಿಗೆಲ್ಲ ಕಳಿಸಿತು. ಈ ಸೀಮೆಯ ಮೆಕ್ಯಾನಿಕ್‌ಗಳಿಗೆ, ಲೇತ್ ಅಂಗಡಿಯವರಿಗೆ ಎಂಜಿನ್ ಬಿಚ್ಚಿ ಕಟ್ಟುವುದು ನಿತ್ಯದ ಕೆಲಸ. ಟಿ. ನರಸೀಪುರದ ಗದ್ದೆ ಬದಿಯ ಪಂಪ್‌ಸೆಟ್ಟಿರಲಿ, ಟಿಲ್ಲರ್ ಇರಲಿ, ನಂಜನಗೂಡಿನ ಹುಡುಗರ ಹಳೆಯ ಆರ್‌ಎಕ್ಸ್ 100 ಇರಲಿ, ಎಲ್ಲದರೊಳಗೂ ಪಿಸ್ಟನ್ ಒಂದು ಮೇಲೆ ಕೆಳಗೆ ಓಡಾಡುತ್ತಿರುತ್ತದೆ.

ಪಿಸ್ಟನ್ನೇ ಇಲ್ಲದ ಎಂಜಿನ್ನೂ ಇದೆ. ಅದಕ್ಕೆ ವಾಂಕೆಲ್ ಎಂಜಿನ್ ಅಥವಾ ರೋಟರಿ ಎಂಜಿನ್ ಎಂದು ಹೆಸರು. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಕಲ್ಪಿಸಿದ ಈ ಯಂತ್ರ ಎನ್‌ಎಸ್‌ಯು ಕಂಪನಿಯಲ್ಲಿ 1957ರ ಫೆಬ್ರವರಿಯಲ್ಲಿ ಮೊದಲ ಸಲ ಓಡಿತು. ಜಪಾನಿನ ಮಜ್ದಾ ಕಂಪನಿ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರಿಗೆ ಅದನ್ನು ಅಳವಡಿಸಿತು. ಆಮೇಲೆ ಬಂದ ಆರ್‌ಎಕ್ಸ್-7, ಆರ್‌ಎಕ್ಸ್-8 ಕಾರುಗಳಿಗೆ ಇಂದಿಗೂ ಜಗತ್ತಿನಾದ್ಯಂತ ಅಭಿಮಾನಿಗಳಿದ್ದಾರೆ. ಅವರಲ್ಲಿ ರೇಸ್ ಓಡಿಸುವವರು ಕಾರ್ಖಾನೆಯ ರೋಟರ್ ತೆಗೆದು ಹೊರಗೆ ಮಾಡಿಸಿದ ಹಗುರ ರೋಟರ್ ಹಾಕುತ್ತಾರೆ. ಅದರಿಂದ ನಿಜಕ್ಕೂ ಲಾಭವಿದೆಯೇ? ಇದ್ದರೆ ಎಷ್ಟು? ಅದನ್ನು ಪರೀಕ್ಷಿಸುವುದು ಹೇಗೆ? ಇಂಥದೇ ಎಂಜಿನ್ನೊಂದು ಬೆಂಗಳೂರಿನಲ್ಲಿ ರೂಪುಗೊಂಡು ಕೋಲಾರದ ಆಕಾಶದಲ್ಲಿ ಹಾರಿದೆ. ಹಾಗಾಗಿ ಈ ಪ್ರಶ್ನೆ ನಮಗೂ ಸಂಬಂಧಪಟ್ಟದ್ದೇ.

ಮೂರು ಮೂಲೆಯ ಯಂತ್ರ

ವಾಂಕೆಲ್ ಎಂಜಿನ್ನಿನ ಹೊರಕವಚ, ಅಂದರೆ ಹೌಸಿಂಗ್, ನಡು ತುಸು ಒಳಸರಿದ ಅಂಡಾಕಾರದ್ದು. ಅದರೊಳಗೆ ಬದಿಗಳು ಉಬ್ಬಿದ ತ್ರಿಕೋನದಂಥ ರೋಟರ್ ತಿರುಗುತ್ತದೆ. ರೋಟರಿನ ಮೂರು ಮೂಲೆಗಳೂ ಸದಾ ಹೌಸಿಂಗ್ ಗೋಡೆಗೆ ಒತ್ತಿಕೊಂಡೇ ಇರುವುದರಿಂದ ಒಳಗೆ ಮೂರು ಕೋಣೆಗಳಾಗುತ್ತವೆ. ಒಂದು ಕೋಣೆ ಪೆಟ್ರೋಲು, ಗಾಳಿ ಎಳೆದುಕೊಳ್ಳುವಾಗ ಇನ್ನೊಂದರಲ್ಲಿ ಮಿಶ್ರಣ ಒತ್ತಿ ಉರಿಯುತ್ತಿರುತ್ತದೆ, ಮತ್ತೊಂದು ಹೊಗೆ ಹೊರದಬ್ಬುತ್ತಿರುತ್ತದೆ. ವಾಲ್ವ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ. ಯೆಜ್ಡಿಯ ಟೂ-ಸ್ಟ್ರೋಕ್ ಎಂಜಿನ್ನಿನಂತೆ ಇದೂ ಪೋರ್ಟ್‌ಗಳ ಮೂಲಕವೇ ಉಸಿರಾಡುತ್ತದೆ. ರೋಟರಿನ ಮೂಲೆಗಳಲ್ಲಿ ಕೂತು ಗೋಡೆಗೆ ಒತ್ತಿಕೊಳ್ಳುವ ಸೀಲ್‌ಗಳು ಸವೆಯದಿರಲೆಂದು ಪೆಟ್ರೋಲಿನ ಜೊತೆ ಒಂದಿಷ್ಟು ಆಯಿಲನ್ನೂ ಸುಡುತ್ತದೆ.

ರೋಟರ್ ಕೂತಿರುವುದು ಎಕ್ಸೆಂಟ್ರಿಕ್ ಶಾಫ್ಟಿನ ಮೇಲೆ. ಶಾಫ್ಟಿನಲ್ಲಿ ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ ಸರಿದ ದುಂಡನೆಯ ಉಬ್ಬೊಂದಿದ್ದು, ರೋಟರಿನ ಬೇರಿಂಗ್ ಅದನ್ನು ಅಪ್ಪಿಕೊಂಡಿರುತ್ತದೆ. ಮಜ್ದಾದ ಹೆಸರುವಾಸಿ 13ಬಿ ಎಂಜಿನ್ನಿನಲ್ಲಿ ಈ ಸರಿತ 15 ಮಿಲಿಮೀಟರ್, ರೋಟರಿನ ದಪ್ಪ 80 ಮಿಲಿಮೀಟರ್. ರೋಟರಿನೊಳಗಿನ ಗೇರಿಗೆ 51 ಹಲ್ಲು, ಅದು ಕಚ್ಚಿಕೊಂಡಿರುವ ಅಲುಗದ ಗೇರಿಗೆ 34. ಈ ಲೆಕ್ಕದಿಂದಾಗಿ ಶಾಫ್ಟ್ ಮೂರು ಸುತ್ತು ಸುತ್ತುವಷ್ಟರಲ್ಲಿ ರೋಟರ್ ತಿರುಗುವುದು ಒಂದೇ ಸುತ್ತು. ಆದರೂ ಶಾಫ್ಟಿನ ಪ್ರತಿ ಸುತ್ತಿಗೆ ಒಮ್ಮೆ ಮಿಶ್ರಣ ಉರಿದು ಶಕ್ತಿ ಕೊಡುತ್ತದೆ.

ನಾಲ್ಕು ಕಿಲೋ, ಐದೂವರೆ ಟನ್

ಕಾರ್ಖಾನೆಯ ರೋಟರ್ ಬೀಡು ಕಬ್ಬಿಣದ ಎರಕ. ಒಳಗೆ ಪೊಳ್ಳು, ಅಲ್ಲಲ್ಲಿ ಆಸರೆಯ ಪಕ್ಕೆಗಳು. ಶಾಫ್ಟಿನಿಂದ ಚಿಮ್ಮುವ ಆಯಿಲ್ ಈ ಪೊಳ್ಳಿನೊಳಗೆ ಹರಿದು ರೋಟರನ್ನು ತಣಿಸುತ್ತದೆ. ಒಂದರ ತೂಕ ನಾಲ್ಕು ಕಿಲೋ ಆಸುಪಾಸು.

ಲೆಕ್ಕಕ್ಕೆ ಸರಿಯಾಗಿ ನಾಲ್ಕು ಕಿಲೋ ಎಂದೇ ಇಟ್ಟುಕೊಳ್ಳೋಣ. ಶಾಫ್ಟ್ ನಿಮಿಷಕ್ಕೆ 9,000 ಸುತ್ತು ತಿರುಗುವಾಗ ರೋಟರಿನ ಕೇಂದ್ರವೂ 15 ಮಿಲಿಮೀಟರ್ ತ್ರಿಜ್ಯದ ಪುಟ್ಟ ವೃತ್ತದಲ್ಲಿ ಅಷ್ಟೇ ವೇಗದಲ್ಲಿ ಸುತ್ತುತ್ತದೆ. ಆಗ ಅದು ಬೇರಿಂಗನ್ನು ಹೊರಕ್ಕೆ ಎಳೆಯುವ ಬಲ ಸುಮಾರು 53,000 ನ್ಯೂಟನ್, ಅಂದರೆ ಸುಮಾರು 5.4 ಟನ್ ಭಾರ. ನರಸೀಪುರದ ರೈತರ ಲೆಕ್ಕದಲ್ಲಿ ಹೇಳುವುದಾದರೆ, 75 ಕಿಲೋದ 72 ಭತ್ತದ ಮೂಟೆಗಳನ್ನು ಒಂದೇ ಬೇರಿಂಗಿಗೆ ತೂಗುಹಾಕಿದಂತೆ. ಸುತ್ತು ಅರ್ಧಕ್ಕೆ ಇಳಿದರೆ ಈ ಬಲ ಕಾಲುಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುವಂಥದ್ದು. ಪೇಟೆಯಲ್ಲಿ ಓಡುವ ಕಾರಿಗೆ ಇದು ತೊಂದರೆಯೇ ಅಲ್ಲ. ಸದಾ ತುದಿವೇಗದಲ್ಲೇ ಬದುಕುವ ರೇಸ್ ಎಂಜಿನ್ನಿಗೆ ಮಾತ್ರ ಇದೇ ದೊಡ್ಡ ಶತ್ರು. ಶಾಫ್ಟ್ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ರೋಟರ್ ವಾಲಿ ಪಕ್ಕದ ಗೋಡೆಗೆ ಉಜ್ಜುತ್ತದೆ, ಬೇರಿಂಗಿನ ಮೇಲ್ಪದರ ಕಿತ್ತು ಕೆಳಗಿನ ತಾಮ್ರ ಇಣುಕುತ್ತದೆ.

ಹಗುರ ರೋಟರಿನ ನಿಜವಾದ ಉಪಯೋಗ ಇರುವುದು ಇಲ್ಲೇ. ನಾಲ್ಕು ಕಿಲೋದ ರೋಟರನ್ನು ಮೂರಕ್ಕೆ ಇಳಿಸಿದರೆ ಅದೇ 9,000 ಸುತ್ತಿನಲ್ಲಿ ಬಲ 4.1 ಟನ್ನಿಗೆ ಇಳಿಯುತ್ತದೆ. ಬೇರಿಂಗ್ ಮೊದಲು ಹೊರುತ್ತಿದ್ದ ಭಾರವನ್ನೇ ಮತ್ತೆ ಹೊರಬೇಕಾದರೆ ಎಂಜಿನ್ ಸುಮಾರು 10,400 ಸುತ್ತು ಮುಟ್ಟಬೇಕು.

ರೋಟರನ್ನು ಹಗುರ ಮಾಡಲು ಎರಡು ದಾರಿಗಳಿವೆ. ಕಾರ್ಖಾನೆಯ ರೋಟರಿನಲ್ಲೇ ಹೆಚ್ಚುವರಿ ಲೋಹವಿರುವ ಕಡೆ ಮಿಲ್ಲಿಂಗ್ ಮಾಡಿ ಕೆರೆದು ತೆಗೆಯುವುದು ಒಂದು. ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿಯಿಂದ ಸಿಎನ್‌ಸಿ ಯಂತ್ರದಲ್ಲಿ ಹೊಸ ರೋಟರನ್ನೇ ಕೊರೆಯುವುದು ಇನ್ನೊಂದು.

ಚುರುಕಿನ ನಂಬಿಕೆ

ಹಗುರ ರೋಟರ್ ಹಾಕಿದರೆ ಎಂಜಿನ್ನಿನ ವೇಗ ಥಟ್ಟನೆ ಏರುತ್ತದೆ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಲೆಕ್ಕ ಇದನ್ನು ಅಷ್ಟಾಗಿ ಒಪ್ಪುವುದಿಲ್ಲ. ರೋಟರ್ ತನ್ನ ಸುತ್ತ ತಿರುಗುವುದು ಶಾಫ್ಟಿನ ಮೂರನೇ ಒಂದು ವೇಗದಲ್ಲಿ. ಆದ್ದರಿಂದ ಆ ತಿರುಗಾಟದಲ್ಲಿ ಅಡಗುವ ಶಕ್ತಿ, ಅದು ಶಾಫ್ಟಿನಷ್ಟೇ ವೇಗವಾಗಿ ತಿರುಗಿದ್ದರೆ ಇರುತ್ತಿದ್ದುದರ ಒಂಬತ್ತನೇ ಒಂದು ಪಾಲು ಮಾತ್ರ. ಕೇಂದ್ರ ಸುತ್ತುವ ವೃತ್ತವೋ ಬರೀ 15 ಮಿಲಿಮೀಟರಿನದು. ಫ್ಲೈವೀಲ್ ಶಾಫ್ಟಿನ ಪೂರ್ತಿ ವೇಗದಲ್ಲಿ ತಿರುಗುತ್ತದೆ, ಅದರ ತೂಕವೆಲ್ಲ ಅಂಚಿನ ಕಡೆಗಿರುತ್ತದೆ. ಫ್ಲೈವೀಲ್ ಅಂಚಿನಿಂದ ಒಂದು ಕಿಲೋ ತೆಗೆದರೆ ಸಿಗುವ ಚುರುಕು, ರೋಟರಿನಿಂದ ಒಂದು ಕಿಲೋ ತೆಗೆದಾಗ ಸಿಗುವುದರ ಹತ್ತು ಪಟ್ಟಿಗೂ ಹೆಚ್ಚು. ಚುರುಕಷ್ಟೇ ಬೇಕಿದ್ದವರಿಗೆ ಹಗುರ ಫ್ಲೈವೀಲ್ ಸಾಕು, ಖರ್ಚೂ ಕಡಿಮೆ.

ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರವಾದ ಡೈನೋ ಮೇಲೆ ಮೋಸಹೋಗುವುದೂ ಇಲ್ಲೇ. ಒಂದು ಬಗೆಯ ಡೈನೋ, ಎಂಜಿನ್ ತನ್ನ ಭಾರೀ ಉರುಳೆಯನ್ನು ಎಷ್ಟು ಬೇಗ ತಿರುಗಿಸುತ್ತದೆ ಎಂಬುದರಿಂದ ಶಕ್ತಿ ಲೆಕ್ಕಹಾಕುತ್ತದೆ. ಎಂಜಿನ್ನಿನ ಒಳಭಾಗಗಳು ಹಗುರಾದಾಗ ಅವುಗಳ ವೇಗ ಏರಿಸಲು ಖರ್ಚಾಗುವ ಶಕ್ತಿ ಉಳಿದು, ಒಂದೋ ಎರಡೋ ಅಶ್ವಶಕ್ತಿ ಹೆಚ್ಚು ಬಂದಂತೆ ಕಾಣುತ್ತದೆ. ಉರಿಯುವ ಪೆಟ್ರೋಲಿನಿಂದ ಹೊಸ ಶಕ್ತಿಯೇನೂ ಹುಟ್ಟಿರುವುದಿಲ್ಲ. ಬ್ರೇಕ್ ಹಾಕಿ ಎಂಜಿನ್ನನ್ನು ಒಂದೇ ವೇಗದಲ್ಲಿ ನಿಲ್ಲಿಸಿ ಅಳೆಯುವ ಡೈನೋದಲ್ಲಿ ಈ ಹೆಚ್ಚಳ ಮಾಯವಾಗುತ್ತದೆ. ಎರಡೂ ಬಗೆಯಲ್ಲಿ ಅಳೆದು ನೋಡಿದವರ ಮಾತು ನಂಬಬಹುದು.

ಪರೀಕ್ಷೆಯ ಮೆಟ್ಟಿಲುಗಳು

ಮೊದಲನೆಯದು ತೂಕ. ಮಜ್ದಾ ತನ್ನ ಪ್ರತಿ ರೋಟರಿನ ಮೇಲೂ ತೂಕದ ದರ್ಜೆ ಹೇಳುವ ಅಕ್ಷರ ಒತ್ತುತ್ತದೆ. ಎರಡು ರೋಟರಿನ ಎಂಜಿನ್ನಿನಲ್ಲಿ ಅವು ಒಂದಕ್ಕೊಂದು ಎದುರು ದಿಕ್ಕಿನಲ್ಲಿರುವುದರಿಂದ ಹೊರಸೆಳೆತ ಪರಸ್ಪರ ವಜಾ ಆದರೂ ಶಾಫ್ಟನ್ನು ಓಲಾಡಿಸುವ ಜೋಡಿಬಲ ಉಳಿಯುತ್ತದೆ. ಅದನ್ನು ತಡೆಯಲು ಹಿಂದೆ ಮುಂದೆ ಎದುರುತೂಕಗಳಿರುತ್ತವೆ. ರೋಟರ್ ಹಗುರ ಮಾಡಿ ಹಳೆಯ ಎದುರುತೂಕಗಳನ್ನೇ ಬಿಟ್ಟರೆ ಅವೇ ಹೆಚ್ಚಾಗಿ ಎಂಜಿನ್ ನಡುಗುತ್ತದೆ. ಹಗುರ ರೋಟರ್ ಎಂದರೆ ಶಾಫ್ಟು, ಎದುರುತೂಕ, ಫ್ಲೈವೀಲ್ ಎಲ್ಲವನ್ನೂ ಹೊಸದಾಗಿ ಬ್ಯಾಲೆನ್ಸ್ ಮಾಡಿಸುವ ಕೆಲಸ ಎಂದೇ ತಿಳಿಯಬೇಕು.

ಎರಡನೆಯದು ಬಿರುಕಿನ ತಪಾಸಣೆ. ರೋಟರನ್ನು ಜಿಡ್ಡಿಲ್ಲದಂತೆ ತೊಳೆದು ಒಣಗಿಸಿ ಕೆಂಪು ಬಣ್ಣದ ತೆಳು ದ್ರವ ಬಳಿಯುತ್ತಾರೆ. ಕೂದಲೆಳೆಯ ಬಿರುಕಿದ್ದರೂ ದ್ರವ ಅದರೊಳಗೆ ಇಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮೇಲ್ಮೈ ಒರೆಸಿ ಬಿಳಿಯ ಪುಡಿ ಸಿಂಪಡಿಸುತ್ತಾರೆ. ಬಿರುಕಿನಲ್ಲಿ ಉಳಿದ ಬಣ್ಣ ಮೇಲಕ್ಕೆ ಹೀರಿಬಂದು ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಮೂಲೆಯ ಸೀಲ್ ಕೂರುವ ತೋಡಿನ ಬುಡದಲ್ಲೋ ಮಿಲ್ಲಿಂಗ್ ಮಾಡಿದ ಜಾಗದ ಅಂಚಿನಲ್ಲೋ ಅಂಥ ಗೆರೆ ಕಂಡರೆ ಆ ರೋಟರನ್ನು ಅಲ್ಲೇ ಪಕ್ಕಕ್ಕಿಡಬೇಕು. ಒಳಗೋಡೆ ಎಷ್ಟು ತೆಳುವಾಗಿದೆ ಎಂಬುದನ್ನು ಅಲ್ಟ್ರಾಸೌಂಡ್ ಗೇಜಿನಿಂದ ಅಳೆಯುತ್ತಾರೆ.

ಮೂರನೆಯದು ಬಿಸಿಯ ಲೆಕ್ಕ. ಅಲ್ಯೂಮಿನಿಯಂ ಆಯ್ಕೆ ಮಾಡಿದವರು ಹೆಚ್ಚು ಎಚ್ಚರ ವಹಿಸಬೇಕಾದದ್ದು ಇಲ್ಲೇ. ಕಬ್ಬಿಣದ ರೋಟರ್ 150 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಅದರ 80 ಮಿಲಿಮೀಟರ್ ದಪ್ಪ ಸುಮಾರು 0.13 ಮಿಲಿಮೀಟರ್ ಹಿಗ್ಗುತ್ತದೆ. ಅಲ್ಯೂಮಿನಿಯಂ ಹಿಗ್ಗುವುದು ಸುಮಾರು 0.28 ಮಿಲಿಮೀಟರ್. ರೋಟರಿಗೂ ಪಕ್ಕದ ಗೋಡೆಗೂ ನಡುವೆ ಕಾರ್ಖಾನೆ ಬಿಡುವ ಸಂದೇ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದ್ದು. ಸಂದು ಸಾಲದೆ ಹೋದರೆ ಬಿಸಿಯಾದ ರೋಟರ್ ಗೋಡೆಗೆ ಕಚ್ಚಿಕೊಳ್ಳುತ್ತದೆ. ಹೆಚ್ಚು ಬಿಟ್ಟರೆ ತಣ್ಣಗಿರುವಾಗ ಸೀಲ್‌ಗಳ ಬದಿಯಿಂದ ಒತ್ತಡ ಸೋರಿ ಎಂಜಿನ್ ಶುರುವಾಗುವುದೇ ಕಷ್ಟ. ಮೆತ್ತನೆಯ ಲೋಹದಲ್ಲಿ ಸೀಲಿನ ತೋಡು ಬೇಗ ಸವೆದು ಅಗಲವಾಗುವ ಭಯವೂ ಇದೆ.

ನಾಲ್ಕನೆಯದು ಹೋಲಿಕೆ. ಹಳೆಯ ರೋಟರ್ ಹಾಕಿ ಅಳೆದ ಲೆಕ್ಕವಿಲ್ಲದೆ ಹೊಸದರ ಲೆಕ್ಕಕ್ಕೆ ಅರ್ಥವಿಲ್ಲ. ಅದೇ ಎಂಜಿನ್, ಅದೇ ಪೆಟ್ರೋಲ್, ಅದೇ ಇಗ್ನಿಷನ್, ನೀರು ಮತ್ತು ಆಯಿಲಿನ ಅದೇ ಬಿಸಿ ಇರಬೇಕು. ಊರೂ ಲೆಕ್ಕಕ್ಕೆ ಬರುತ್ತದೆ. ನಂಜನಗೂಡು ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಸಮುದ್ರ ತೀರಕ್ಕಿಂತ ಶೇಕಡಾ 7ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಚೆನ್ನೈನಲ್ಲಿ ತೋರಿದ ಶಕ್ತಿಯನ್ನು ಇಲ್ಲಿ ತೋರಲಾರದು. ಒತ್ತಡ, ಸೆಕೆ, ತೇವ ಮೂರನ್ನೂ ಬರೆದಿಟ್ಟು ತಿದ್ದುಪಡಿ ಮಾಡದಿದ್ದರೆ ರೋಟರಿನ ಗುಣಕ್ಕಿಂತ ಹವೆಯ ಗುಣವೇ ದೊಡ್ಡದಾಗಿ ಕಾಣುತ್ತದೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ತಾಳಿಕೆ. ಗಂಟೆಗಟ್ಟಲೆ ತುದಿವೇಗದಲ್ಲಿ ಓಡಿಸಿ, ಬಿಚ್ಚಿ, ಬೇರಿಂಗಿನ ಬಣ್ಣ, ಸೀಲಿನ ತೋಡಿನ ಅಗಲ, ಪಕ್ಕದ ಗೋಡೆಯ ಮೇಲಿನ ಉಜ್ಜಿದ ಗುರುತು ನೋಡಬೇಕು. ಮಜ್ದಾದ ಎಂಜಿನಿಯರುಗಳು ಮೊದಮೊದಲು ಎಂಜಿನ್ ಬಿಚ್ಚಿದಾಗ ಹೌಸಿಂಗ್ ಗೋಡೆಯ ಮೇಲೆ ಸಾಲಾಗಿ ಪರಚಿದ ಗೀರುಗಳಿದ್ದವು. ಅವನ್ನು ಅವರು ದೆವ್ವದ ಉಗುರಿನ ಗುರುತು ಎಂದು ಕರೆದರು. ಕೆನಿಚಿ ಯಮಮೊಟೊ ಅವರ ತಂಡ ಸೀಲಿನ ಲೋಹವನ್ನೂ ಆಕಾರವನ್ನೂ ಮತ್ತೆ ಮತ್ತೆ ಬದಲಿಸಿ ಆ ಗೀರು ಅಳಿಸಿದ ಮೇಲೆಯೇ ಕಾಸ್ಮೊ ರಸ್ತೆಗಿಳಿದದ್ದು. 1991ರ ಜೂನ್‌ನಲ್ಲಿ ಫ್ರಾನ್ಸಿನ ಲೆ ಮಾನ್ ರೇಸಿನಲ್ಲಿ ನಾಲ್ಕು ರೋಟರಿನ ಮಜ್ದಾ 787ಬಿ 24 ಗಂಟೆಯಲ್ಲಿ 362 ಸುತ್ತು ಮುಗಿಸಿ ಗೆದ್ದಿತು. ಸುಮಾರು 700 ಅಶ್ವಶಕ್ತಿಯ ಎಂಜಿನ್ ಒಂದು ಹಗಲು ಒಂದು ರಾತ್ರಿ ನಿಲ್ಲದೆ ತಾಳಿಕೊಂಡಿತು ಎಂಬುದೇ ಆ ಗೆಲುವಿನ ಸಾರ.

ಬೆಂಗಳೂರಿನ ಎಂಜಿನ್, ಕೋಲಾರದ ಆಕಾಶ

ನಮ್ಮ ರಾಜ್ಯದಲ್ಲಿ ವಾಂಕೆಲ್ ಎಂಜಿನ್ನಿಗೆ ಇಂಥ ಪರೀಕ್ಷೆ ನಡೆದದ್ದು ನಿಶಾಂತ್ ಎಂಬ ಮಾನವರಹಿತ ವಿಮಾನಕ್ಕಾಗಿ. ಅದನ್ನು ರೂಪಿಸಿದ್ದು ಬೆಂಗಳೂರಿನ ಎಡಿಇ, ಅಂದರೆ ಡಿಆರ್‌ಡಿಒದ ವೈಮಾನಿಕ ಅಭಿವೃದ್ಧಿ ಸಂಸ್ಥೆ. ಮೊದಲು ಆ ವಿಮಾನದಲ್ಲಿದ್ದದ್ದು ವಿದೇಶದಿಂದ ತಂದ ಎಂಜಿನ್. ಅದರ ಬದಲಿಗೆ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್), ಅಹಮದ್‌ನಗರದ ವಾಹನ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ (ವಿಆರ್‌ಡಿಇ) ಮತ್ತು ಎಡಿಇ ಕೂಡಿ 55 ಅಶ್ವಶಕ್ತಿಯ, ಒಂದೇ ರೋಟರಿನ ಎಂಜಿನ್ ಕಟ್ಟಿದವು. ತೂಕ ಸುಮಾರು 30 ಕಿಲೋ. ಒಬ್ಬನೇ ಎತ್ತಬಹುದಾದ ಎಂಜಿನ್ನಿನಿಂದ ಇಷ್ಟು ಶಕ್ತಿ, ಅದೂ ಕ್ಯಾಮೆರಾ ನಡುಗದಷ್ಟು ನಯವಾಗಿ ಸಿಗುತ್ತದೆ ಎಂಬುದೇ ವಿಮಾನಕ್ಕೆ ವಾಂಕೆಲ್ ಒಪ್ಪುವ ಕಾರಣ.

ಎಂಜಿನ್ನಿನ ತಿರುಳನ್ನು ಮಾಡಿದ್ದು ಎನ್‌ಎಎಲ್. ವಿಶೇಷ ಅಲ್ಯೂಮಿನಿಯಂ ಎರಕ, ಸೀಲ್‌ಗಳು ಜಾರುವ ಒಳಗೋಡೆಗೆ ನಿಕ್ಕೆಲ್ ಮತ್ತು ಸಿಲಿಕಾನ್ ಕಾರ್ಬೈಡ್ ಬೆರೆತ ಗಟ್ಟಿ ಲೇಪ ಎರಡೂ ಅಲ್ಲಿಯ ಕೆಲಸ. ಹಗುರ ಲೋಹ ಸವೆಯದಂತೆ ಕಾಯುವುದು ಆ ಲೇಪವೇ. ಇಗ್ನಿಷನ್, ಇಂಧನ ವ್ಯವಸ್ಥೆ ವಿಆರ್‌ಡಿಇಯದು. ನೆಲದ ಮೇಲೆ ಕಠಿಣವಾದ ತಾಳಿಕೆಯ ಓಟಗಳನ್ನು ಮುಗಿಸಿದ ಮೇಲೆಯೇ ಪ್ರಮಾಣೀಕರಣ ಸಂಸ್ಥೆ ಹಾರಲು ತಾತ್ಕಾಲಿಕ ಅನುಮತಿ ಕೊಟ್ಟಿತು. 2009ರ ಏಪ್ರಿಲ್ 5ರ ಭಾನುವಾರ ಬೆಳಗ್ಗೆ, ಕೋಲಾರದ ಬಳಿ ಎರಡನೇ ಮಹಾಯುದ್ಧದ ಕಾಲದ ಪಾಳು ರನ್‌ವೇಯಿಂದ ನಿಶಾಂತ್ ಮೇಲೇರಿತು. 1.8 ಕಿಲೋಮೀಟರ್ ಎತ್ತರ ಮುಟ್ಟಿ, ಸುಮಾರು 40 ನಿಮಿಷ ಹಾರಿ, ಒಣಗಿದ ಕೆರೆಯಂಗಳದಲ್ಲಿ ಸುರಕ್ಷಿತವಾಗಿ ಇಳಿಯಿತು. ದೇಶದಲ್ಲೇ ತಯಾರಾದ ವಾಂಕೆಲ್ ಎಂಜಿನ್ ವಿಮಾನವನ್ನು ಹಾರಿಸಿದ್ದು ಅದೇ ಮೊದಲು.

ಮೊದಲು ತಾಳಿಕೆ ಪರೀಕ್ಷಿಸಿ ಆಮೇಲೆ ಬಳಸುವ ಈ ಕ್ರಮವೇ ರೇಸ್ ಕಾರಿನ ಹಗುರ ರೋಟರಿಗೂ ಸರಿ. ವಿಮಾನದ ಎಂಜಿನ್ ಕೆಟ್ಟರೆ ವಿಮಾನ ಬೀಳುತ್ತದೆ ಎಂಬ ಭಯದಿಂದ ಅಲ್ಲಿ ಪರೀಕ್ಷೆ ಕಡ್ಡಾಯ. ಗ್ಯಾರೇಜಿನಲ್ಲಿ ಕೇಳುವವರಿಲ್ಲ, ಹಾಗಾಗಿ ತಕ್ಕಡಿ ತೋರಿದ ಅಂಕಿಯನ್ನೇ ಫಲಿತಾಂಶ ಎಂದುಕೊಳ್ಳುವ ಅಪಾಯ ಹೆಚ್ಚು.

ನನ್ನ ಅಭಿಪ್ರಾಯ ಇಷ್ಟು. ಸದಾ 9,000 ಸುತ್ತಿನ ಆಚೆಗೆ ಓಡುವ ರೇಸ್ ಎಂಜಿನ್ನಿಗೆ, ಸರಿಯಾಗಿ ಬ್ಯಾಲೆನ್ಸ್ ಮಾಡಿ ತಾಳಿಕೆ ಪರೀಕ್ಷಿಸಿದ ಹಗುರ ರೋಟರ್ ಖರ್ಚಿಗೆ ತಕ್ಕ ಬಾಳಿಕೆ ಕೊಡುತ್ತದೆ. ರಸ್ತೆಯ ಕಾರಿಗೆ ಅದು ಬೇಡ. ರೋಟರಿ ಎಂಜಿನ್ ಇನ್ನೂ ಮುಗಿದ ಕಥೆಯಲ್ಲ. ಮಜ್ದಾ 2023ರಲ್ಲಿ 830 ಸಿಸಿಯ ಒಂಟಿ ರೋಟರ್ ಎಂಜಿನ್ನನ್ನು ವಿದ್ಯುತ್ ಕಾರಿನ ಬ್ಯಾಟರಿ ತುಂಬುವ ಕೆಲಸಕ್ಕೆ ಮತ್ತೆ ತಂದಿದೆ. ಡ್ರೋನ್‌ಗಳಿಗೂ ಹಗುರ ಎಂಜಿನ್ ಬೇಕೇ ಬೇಕು. ನಂಜನಗೂಡು, ನರಸೀಪುರ, ಮೈಸೂರಿನ ಐಟಿಐ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವ ಮಕ್ಕಳಲ್ಲಿ ನನ್ನ ಕೋರಿಕೆ ಒಂದೇ. ಬೈಕಿನ ಫ್ಲೈವೀಲೇ ಇರಲಿ, ಯಾವುದೇ ಭಾಗವನ್ನು ಹಗುರ ಮಾಡುವ ಮೊದಲು ಹಳೆಯದನ್ನು ಅಳೆದು ಬರೆದಿಡಿ. ಬದಲಿಸಿದ ಮೇಲೆ ಅದೇ ರೀತಿ ಮತ್ತೆ ಅಳೆಯಿರಿ. ಮುರಿದದ್ದನ್ನೂ ಬಿಡದೆ ಬರೆಯಿರಿ, ಮುಂದಿನವರು ಕಲಿಯುವುದು ಅದರಿಂದಲೇ.