ರೋಡ್ ಬೈಕು ಕೊಳ್ಳುವವರು ಮೊದಲು ನೋಡತಕ್ಕದ್ದು

ಬಾಗಿದ ಹಿಡಿಯ, ತೆಳು ಟೈರಿನ ರೋಡ್ ಬೈಕನ್ನು ಕೊಳ್ಳಹೊರಟವರು ಅಂಗಡಿಯಲ್ಲಿ ಸಾಮಾನ್ಯವಾಗಿ ವಿಚಾರಿಸುವ ಸಂಗತಿಗಳು ಎರಡು: ಗೇರು ಎಷ್ಟು, ತೂಕ ಎಷ್ಟು. ಇವು ಉಪೇಕ್ಷಣೀಯವಲ್ಲವಾದರೂ, ಇವಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು: ಈ ವಾಹನದಲ್ಲಿ ಮುಂದೆ ಬದಲಾಯಿಸಿಕೊಳ್ಳಲಾಗದ ಅಂಗ ಯಾವುದು?

ಅದು ಫ್ರೇಮು. ಸರಪಣಿ, ಟೈರು, ಬ್ರೇಕಿನ ಪ್ಯಾಡುಗಳು ಸವೆದುಹೋಗತಕ್ಕವು. ಗಾಲಿ, ಸೀಟುಗಳನ್ನು ಕೈಯಲ್ಲಿ ಹಣವಾಡಿದಾಗ ಉತ್ತಮಪಡಿಸಿಕೊಳ್ಳಬಹುದು. ಆದರೆ ಸವಾರನ ದೇಹಕ್ಕೆ ಒಗ್ಗದ ಫ್ರೇಮು, ಎಂತಹ ಬೆಲೆಬಾಳುವ ಕಾರ್ಬನ್ನಿನದಾಗಿದ್ದರೂ, ಅವನ ಕತ್ತು, ನಡು, ಮಣಿಕಟ್ಟುಗಳನ್ನು ಪೀಡಿಸದೆ ಬಿಡದು. ಪೆಡಲು ಕೆಳತುದಿಗೆ ಬಂದಾಗ ಮೊಣಕಾಲು ಕಿಂಚಿತ್ ಬಾಗಿರುವಂತೆ ಸೀಟನ್ನು ನಿಲ್ಲಿಸಿಕೊಂಡು, ಕೈಗಳನ್ನು ಬ್ರೇಕಿನ ಹಿಡಿಗಳ ಮೇಲಿರಿಸಿದಾಗ, ತೋಳು ಸೆಟೆಯದೆ ಮೊಣಕೈ ಸಡಿಲವಾಗಿ ಮಡಿಚಿದ್ದರೆ ಅಳತೆ ಒಪ್ಪಿತೆಂದು ತಿಳಿಯಬಹುದು.

ಫ್ರೇಮಿನೊಡನೆಯೇ ನಿರ್ಧಾರವಾಗುವ ಇನ್ನೊಂದು ವಿಷಯ, ಅದರಲ್ಲಿ ಎಷ್ಟು ಅಗಲದ ಟೈರು ಹಿಡಿಯುತ್ತದೆಂಬುದು. ಹಿಂದೆ 23 ಮಿ.ಮೀ. ಟೈರೇ ವೇಗದ ಲಕ್ಷಣವೆನಿಸಿತ್ತು. ಇಂದು ಸ್ಪರ್ಧಾಳುಗಳೇ 28 ಮಿ.ಮೀ. ಟೈರಿಗೆ ಬಂದಿದ್ದಾರೆ. ಏಕೆಂದರೆ, ಬಿರುಸಾಗಿ ಗಾಳಿ ತುಂಬಿದ ತೆಳುಟೈರು ಒರಟು ನೆಲದ ಪ್ರತಿಯೊಂದು ಉಬ್ಬಿನಲ್ಲಿಯೂ ಸವಾರನನ್ನೇ ಎತ್ತಿಹಾಕಿ ಶಕ್ತಿಯನ್ನು ವ್ಯಯಮಾಡಿದರೆ, ಅಗಲವಾದದ್ದು ಕಡಿಮೆ ಒತ್ತಡದಲ್ಲಿ ಆ ಉಬ್ಬನ್ನು ತಾನೇ ನುಂಗಿಕೊಂಡು ಸಾಗುತ್ತದೆ. ನಮ್ಮ ರಸ್ತೆಗಳಿಗಂತೂ 32 ಮಿ.ಮೀ. ಹಿಡಿಸುವ ಫ್ರೇಮು ಮೇಲು.

ಇನ್ನು ಗೇರು. ಶಿಮಾನೊ ಸಂಸ್ಥೆಯ ಸೋರಾ ಜೋಡಣೆಯಲ್ಲಿ ಹಿಂದೆ 9 ಹಲ್ಲುಚಕ್ರಗಳು, ಅದೇ ಸಂಸ್ಥೆಯ ‘105’ ಎಂಬ ಜೋಡಣೆಯ ಈಚಿನ ಮಾದರಿಯಲ್ಲಿ 12. ಸಂಖ್ಯೆ ಹೆಚ್ಚಿದಷ್ಟೂ ಗೇರುಗಳ ನಡುವಣ ಅಂತರ ನವುರಾಗುವುದು ನಿಜ. ಆದರೆ ನಂದಿಬೆಟ್ಟದ ತಿರುವುಗಳಲ್ಲಿ ಉಸಿರು ಕಟ್ಟುವವನನ್ನು ಕಾಯುವುದು ಅತ್ಯಂತ ಹಗುರವಾದ ಗೇರೊಂದೇ. ಮುಂದೆ 34, ಹಿಂದೆ 34 ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 2.1 ಮೀಟರು ಮಾತ್ರ ಮುಂದುವರಿಯುತ್ತದೆ. 50ಕ್ಕೆ 11 ಇದ್ದರೆ ಒಂಬತ್ತೂವರೆ ಮೀಟರು.

ತೂಕದ ವ್ಯಾಮೋಹವನ್ನಂತೂ ಲೆಕ್ಕವೇ ಕಳೆಯುತ್ತದೆ. ಸವಾರನೂ ಸೈಕಲ್ಲೂ ಸೇರಿ 80 ಕಿಲೋ ಇದ್ದಲ್ಲಿ, ಒಂದು ಕಿಲೋ ಇಳಿಸಿದರೆ ಏರಿನಲ್ಲಿ ದೊರೆಯುವ ಲಾಭ ಶೇಕಡಾ ಒಂದೂಕಾಲರಷ್ಟು. ಸಮತಟ್ಟಿನಲ್ಲಿಯೋ ಗಾಳಿಯ ಪ್ರತಿರೋಧವೇ ಪ್ರಧಾನ, ಅದರ ಬಹುಭಾಗಕ್ಕೆ ಕಾರಣ ಸವಾರನ ಶರೀರವೇ.

ಆದುದರಿಂದ ಒಂದೇ ಬೆಲೆಗೆ ಎರಡು ಸೈಕಲ್ಲುಗಳು ದೊರೆತಾಗ, ಗೇರಿನಲ್ಲಿ ಒಂದು ಮೆಟ್ಟಿಲು ಕೆಳಗಿದ್ದರೂ ಮೈಗೆ ಒಪ್ಪುವ ಫ್ರೇಮಿನದನ್ನೇ ಆರಿಸಿಕೊಂಡು, ಒಳ್ಳೆಯ ಟೈರುಗಳಿಗೆಂದು ಒಂದಿಷ್ಟು ಹಣವನ್ನು ತೆಗೆದಿರಿಸುವುದು ಲೇಸು.