ಚೈನು ಕಟಕಟ ಅಂದ್ರೆ ಮೊದಲು ಚಕ್ರ ನೋಡಿ

ಈಗ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಎತ್ತಿನ ಗಾಡಿ ಮಾಡುತ್ತಿದ್ದ ಅರ್ಧ ಕೆಲಸವನ್ನು ಮೋಟಾರ್ ಸೈಕಲ್ ಮಾಡುತ್ತಿದೆ. ಡೇರಿಗೆ ಹಾಲಿನ ಕ್ಯಾನು, ಹೊಲದಿಂದ ಮೇವಿನ ಹೊರೆ, ಸಂತೆಗೆ ಶೇಂಗಾ ಚೀಲ, ಎಲ್ಲಾ ಅದರ ಮೇಲೆಯೇ. ಇಂಜಿನ್ ಆಯಿಲ್ ಬದಲಾಯಿಸೋದು ಎಲ್ಲರಿಗೂ ನೆನಪಿರುತ್ತೆ. ಚೈನು ಮಾತ್ರ ಕಳಚಿ ಬಿದ್ದ ದಿನವೇ ನೆನಪಾಗೋದು.

ಹೊಸ ಚೈನ್ ಸೆಟ್ ಹಾಕಿಸಿ ಸ್ವಲ್ಪ ದಿನಕ್ಕೇ ಮತ್ತೆ ಸಡಿಲ ಆದರೆ ‘ಮಾಲು ಸರಿಯಿಲ್ಲ’ ಅನ್ನುತ್ತೇವೆ. ಎಷ್ಟೋ ಸಲ ತಪ್ಪು ಮಾಲಿನದಲ್ಲ, ಹಿಂದಿನ ಚಕ್ರ ಸೊಟ್ಟ ಕೂತಿರುತ್ತದೆ. ಇದನ್ನು ಎರಡು ಸ್ಪ್ಯಾನರು, ಒಂದು ದಾರ ಇದ್ದರೆ ಮನೆ ಅಂಗಳದಲ್ಲೇ ಕಂಡುಹಿಡಿಯಬಹುದು.

ಸೊಟ್ಟ ಯಾಕಾಗುತ್ತೆ?

ಇಂಜಿನ್ ಕಡೆಯ ಸಣ್ಣ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರ ಎರಡೂ ಒಂದೇ ಗೆರೆಯಲ್ಲಿ ಇರಬೇಕು. ನೊಗದಲ್ಲಿ ಒಂದು ಎತ್ತು ಮುಂದೆ, ಒಂದು ಹಿಂದೆ ಆದರೆ ಸಾಲು ಹೇಗೆ ಸೊಟ್ಟ ಹೋಗುತ್ತೋ ಹಾಗೆ, ಆಕ್ಸಲ್‌ನ ಒಂದು ತುದಿ ಹಿಂದೆ ಸರಿದರೆ ಚಕ್ರ ಓರೆಯಾಗುತ್ತದೆ. ಚೈನು ಆಗ ಹಲ್ಲಿನ ಒಂದು ಪಕ್ಕವನ್ನೇ ಉಜ್ಜುತ್ತದೆ.

ಪಂಕ್ಚರ್ ಹಾಕಿಸಿ ಅವಸರದಲ್ಲಿ ಚಕ್ರ ಕೂರಿಸಿದಾಗ ಹೀಗಾಗುವುದು ಹೆಚ್ಚು. ಚೈನು ಬಿಗಿ ಮಾಡುವಾಗ ಒಂದೇ ಬದಿಯ ನಟ್ಟು ತಿರುಗಿಸಿದರೂ ಆಗುತ್ತೆ. ಗಾಡಿ ಬಿದ್ದು ಹಿಂದಿನ ಫೋರ್ಕು ಬಾಗಿದ್ದರೂ ಆಗುತ್ತೆ.

ಗುರುತುಗಳು

* ದೊಡ್ಡ ಹಲ್ಲುಚಕ್ರದ ಹಲ್ಲುಗಳು ಒಂದೇ ಪಕ್ಕ ಸವೆದು ಹೊಳೆಯುತ್ತಿರುತ್ತವೆ.
* ಹ್ಯಾಂಡಲ್ ನೇರ ಹಿಡಿದರೂ ಗಾಡಿ ಒಂದು ಕಡೆ ಎಳೆಯುತ್ತದೆ.
* ಚೈನು ಕವರಿಗೆ ತಾಗಿ ಕಟಕಟ ಅನ್ನುತ್ತದೆ, ಇಲ್ಲವೇ ಪದೇ ಪದೇ ಕಳಚುತ್ತದೆ.

ಆದರೆ ಎಳೆಯೋದೆಲ್ಲಾ ಚಕ್ರದ ದೋಷವಲ್ಲ. ಮೊದಲು ಗಾಳಿ ನೋಡಿ. ಹಾಲಿನ ಕ್ಯಾನು ಒಂದೇ ಪಕ್ಕ ಕಟ್ಟಿದ್ದರೂ ಎಳೆಯುತ್ತೆ. ಆಮೇಲೆ ಟೈರನ್ನು ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಲಗಲಗ ಅಂದರೆ ಬೇರಿಂಗೋ ಫೋರ್ಕಿನ ಬುಷ್ಷೋ ಹೋಗಿದೆ. ಅದನ್ನು ಹಾಕಿಸದೆ ಎಷ್ಟು ಅಡ್ಜಸ್ಟ್ ಮಾಡಿದರೂ ನಿಲ್ಲದು.

ಬಿಗಿ ಎಷ್ಟಿರಬೇಕು?

ಇಂಜಿನ್ ಆಫ್ ಮಾಡಿ, ಕೀಲಿ ತೆಗೆದು, ನ್ಯೂಟ್ರಲ್‌ನಲ್ಲಿ ಡಬ್ಬಲ್ ಸ್ಟ್ಯಾಂಡ್ ಹಾಕಿ. ಇಂಜಿನ್ ಓಡುತ್ತಿರುವಾಗ ಚೈನಿಗೆ ಬಟ್ಟೆ ಹಿಡಿದು ಒರೆಸೋದು ಬೇಡವೇ ಬೇಡ. ಬಟ್ಟೆಯ ಜೊತೆ ಬೆರಳೂ ಹಲ್ಲಿಗೆ ಸಿಕ್ಕಿ ತುಂಡಾಗುತ್ತೆ.

ಕೆಳಗಿನ ಚೈನಿನ ನಡುಭಾಗವನ್ನು ಬೆರಳಲ್ಲಿ ಮೇಲೆ ಕೆಳಗೆ ಆಡಿಸಿ. 100 ಸಿ.ಸಿ. ಗಾಡಿಗಳಲ್ಲಿ ಸಾಮಾನ್ಯವಾಗಿ ಒಟ್ಟು 20ರಿಂದ 30 ಮಿ.ಮೀ. ಆಡಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಲೆಕ್ಕ ಇದ್ದರೆ ಅದೇ ಸರಿ. ಚಕ್ರ ತಿರುಗಿಸುತ್ತಾ ನಾಲ್ಕು ಕಡೆ ನೋಡಿ, ಎಲ್ಲಿ ಹೆಚ್ಚು ಬಿಗಿ ಇದೆಯೋ ಅಲ್ಲಿ ಅಳತೆ ಹಿಡಿಯಿರಿ.

ತಂತಿಯ ಹಾಗೆ ಬಿಗಿ ಮಾಡಿದರೆ ಒಳ್ಳೇದು ಅನ್ನೋದು ತಪ್ಪು. ಹೊರೆ ಕೂತಾಗ ಹಿಂದಿನ ಫೋರ್ಕು ಮೇಲೇಳುತ್ತೆ, ಚೈನು ಇನ್ನಷ್ಟು ಬಿಗಿಯುತ್ತೆ. ಆಗ ಗೇರ್ ಬಾಕ್ಸಿನ ಬೇರಿಂಗು, ಚಕ್ರದ ಬೇರಿಂಗು ತಿನ್ನುತ್ತವೆ. ಚೈನ್ ಸೆಟ್ಟಿಗಿಂತ ಆ ಖರ್ಚು ದೊಡ್ಡದು.

ನೇರ ಮಾಡುವ ಕ್ರಮ

1. ಆಕ್ಸಲ್ ನಟ್ಟು ಸಡಿಲಿಸಿ. ಹಲ್ಲುಚಕ್ರದ ಕಡೆ ಇನ್ನೊಂದು ದೊಡ್ಡ ನಟ್ಟು ಇರುವ ಗಾಡಿಗಳಲ್ಲಿ ಅದನ್ನೂ ಸಡಿಲಿಸಿ. ಅಡ್ಜಸ್ಟರಿನ ಲಾಕ್ ನಟ್ಟು ಬಿಡಿಸಿ.

2. ಎಡಬಲ ಎರಡೂ ಅಡ್ಜಸ್ಟರ್ ನಟ್ಟುಗಳನ್ನು ಒಂದೇ ಸಮ, ಅರ್ಧರ್ಧ ಸುತ್ತು ತಿರುಗಿಸಿ. ಫೋರ್ಕಿನ ಮೇಲೆ ಗೀರು ಗುರುತು ಇರುತ್ತವೆ. ಎರಡೂ ಕಡೆ ಒಂದೇ ಗೀರಿಗೆ ಬರಬೇಕು. ಬುಲೆಟ್‌ನಂತಹ ಗಾಡಿಗಳಲ್ಲಿ ನಟ್ಟಿನ ಬದಲು ಕಚ್ಚು ಇರುವ ಬಿಲ್ಲೆ ಇರುತ್ತೆ. ಎರಡೂ ಬದಿ ಒಂದೇ ಕಚ್ಚಿನಲ್ಲಿ ಕೂರಿಸಿ.

3. ಈಗ ದಾರದ ಪರೀಕ್ಷೆ. ಒಬ್ಬರು ಗಾಡಿಯನ್ನು ಸ್ಟ್ಯಾಂಡ್ ತೆಗೆದು ನೆಟ್ಟಗೆ, ಹ್ಯಾಂಡಲ್ ನೇರ ಹಿಡಿದಿರಲಿ. ತೆಳು ನೈಲಾನ್ ದಾರವನ್ನು ಹಿಂದಿನ ಟೈರಿನ ಹಿಂಬದಿಯಿಂದ ಸುತ್ತಿ ಎರಡೂ ತುದಿಗಳನ್ನು ಮುಂದಿನ ಚಕ್ರದವರೆಗೆ ಎಳೆಯಿರಿ. ಸೈಲೆನ್ಸರು, ಸ್ಟ್ಯಾಂಡಿಗೆ ತಾಗದಷ್ಟು ತಗ್ಗಿನಲ್ಲಿ ಇರಲಿ. ದಾರ ಹಿಂದಿನ ಟೈರಿನ ಮುಂಬದಿಗೂ ಎರಡೂ ಪಕ್ಕ ತಾಗಬೇಕು. ಮುಂದಿನ ಟೈರು ಸಾಮಾನ್ಯವಾಗಿ ಸಣ್ಣದು, ಆದ್ದರಿಂದ ಅಲ್ಲಿ ಎರಡೂ ಪಕ್ಕ ಸಂದು ಉಳಿಯುತ್ತೆ. ಎರಡೂ ಸಂದು ಸಮ ಇದ್ದರೆ ಚಕ್ರ ನೇರ ಇದೆ.

4. ಸಮ ಇಲ್ಲದಿದ್ದರೆ, ಸಂದು ಕಡಿಮೆ ಇರುವ ಬದಿಯ ಆಕ್ಸಲ್ ತುದಿಯನ್ನು ಕಾಲು ಸುತ್ತಿನಷ್ಟು ಹಿಂದಕ್ಕೆ ಎಳೆದು ಮತ್ತೆ ನೋಡಿ. ಚೈನು ಬಿಗಿ ಹೆಚ್ಚಾದರೆ ಎದುರು ಬದಿಯನ್ನು ಮುಂದಕ್ಕೆ ಬಿಡಿ.

5. ಆಕ್ಸಲ್ ನಟ್ಟು, ಮೊದಲು ಸಡಿಲಿಸಿದ ಬೇರೆ ನಟ್ಟುಗಳು, ಕೊನೆಗೆ ಲಾಕ್ ನಟ್ಟು ಭದ್ರ ಮಾಡಿ. ಬಿಗಿದ ಮೇಲೆ ಚೈನಿನ ಆಟ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ಅದು ಬದಲಾಗುತ್ತೆ.

ಗೀರು ಎರಡೂ ಕಡೆ ಸಮ ಇದ್ದು ದಾರ ಮಾತ್ರ ಸೊಟ್ಟ ತೋರಿಸಿದರೆ ಫೋರ್ಕೋ ರಿಮ್ಮೋ ಬಾಗಿರಬಹುದು. ಅದು ಮನೆ ಕೆಲಸವಲ್ಲ, ಗ್ಯಾರೇಜಿಗೆ ಒಯ್ಯಿರಿ.

ಬ್ರೇಕು ಮರೆಯಬೇಡಿ

ಚಕ್ರ ಹಿಂದೆ ಸರಿದರೆ ರಾಡ್ ಇರುವ ಹಿಂದಿನ ಬ್ರೇಕು ತಾನೇ ಬಿಗಿಯಾಗುತ್ತೆ. ಹಾಗೇ ಬಿಟ್ಟರೆ ಡ್ರಮ್ಮು ಕಾಯ್ದು ಪೆಟ್ರೋಲೂ ಹೆಚ್ಚು ಕುಡಿಯುತ್ತೆ. ಪೆಡಲಿನ ಆಟ ಸರಿ ಮಾಡಿ, ಚಕ್ರ ಕೈಯಲ್ಲಿ ಹಗುರ ತಿರುಗುತ್ತಾ ನೋಡಿ. ಬ್ರೇಕಿನ ತಟ್ಟೆಯನ್ನು ಫೋರ್ಕಿಗೆ ಹಿಡಿದಿರುವ ಪಟ್ಟಿಯ ನಟ್ಟು, ಅದರ ಪಿನ್ನು ಇದೆಯೇ ನೋಡಿ. ಪಂಕ್ಚರ್ ಹಾಕಿಸಿದಾಗ ಈ ಪಿನ್ನು ಅಲ್ಲೇ ಉಳಿದುಹೋಗೋದುಂಟು. ಆ ಪಟ್ಟಿ ಕಳಚಿದ ದಿನ ಬ್ರೇಕ್ ಹಾಕಿದರೆ ಚಕ್ರವೇ ಕಚ್ಚಿ ನಿಲ್ಲಬಹುದು. ಹಿಂದೆ ಹೆಂಡತಿ ಮಕ್ಕಳು ಕೂತಿರುತ್ತಾರೆ ಅನ್ನೋದು ನೆನಪಿರಲಿ.

ಚೈನಿನ ಲಾಕ್ ಕ್ಲಿಪ್ಪೂ ನೋಡಿ. ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ತಿರುಗುಮುರುಗು ಇದ್ದರೆ ಏನಾದರೂ ತಾಗಿ ಹಾರಿಹೋಗುತ್ತೆ.

ಎಣ್ಣೆ, ಧೂಳು

ನಮ್ಮ ಕೆಮ್ಮಣ್ಣಿನ ಧೂಳು ಗ್ರೀಸಿಗೆ ಸೇರಿದರೆ ಸಾಣೆ ಕಲ್ಲಿನ ಕೆಲಸ ಮಾಡುತ್ತೆ. ಸೀಮೆಎಣ್ಣೆ ಸಿಕ್ಕರೆ ಬ್ರಷ್ಷಿನಲ್ಲಿ ತೊಳೆದು, ಒರೆಸಿ, 90 ನಂಬರಿನ ಗೇರ್ ಆಯಿಲ್ ಬಿಡಿ. ಸಂಜೆ ಬಿಟ್ಟು ಬೆಳಿಗ್ಗೆ ಮಿಕ್ಕಿದ್ದನ್ನು ಒರೆಸಿದರೆ ಧೂಳು ಅಂಟೋದು ಕಡಿಮೆ. ಇಂಜಿನ್‌ನಿಂದ ಇಳಿಸಿದ ಹಳೇ ಆಯಿಲ್ ಬೇಡ, ಅದರಲ್ಲಿ ಕಬ್ಬಿಣದ ಪುಡಿ ಇರುತ್ತೆ.

ಹಲ್ಲು ಕುಡುಗೋಲಿನ ತುದಿಯಂತೆ ಬಾಗಿದ್ದರೆ ರಿಪೇರಿ ಮುಗಿದ ಮಾತು. ಚೈನು, ಎರಡೂ ಹಲ್ಲುಚಕ್ರ ಒಟ್ಟಿಗೇ ಬದಲಾಯಿಸಿ. ಹಳೇ ಹಲ್ಲಿಗೆ ಹೊಸ ಚೈನು ಹಾಕಿದರೆ ಹೊಸದನ್ನೂ ಅದು ಬೇಗ ತಿನ್ನುತ್ತೆ.

ಗೇರಿಲ್ಲದ ಸ್ಕೂಟರಿಗೆ ಈ ಕ್ರಮ ಹೊಂದದು. ಅದರಲ್ಲಿ ಚೈನಿಲ್ಲ, ಕವರಿನೊಳಗೆ ರಬ್ಬರ್ ಬೆಲ್ಟು ಓಡುತ್ತೆ. ಅದನ್ನು ನಾವು ಬಿಗಿ ಮಾಡುವಂತಿಲ್ಲ, ಸವೆದರೆ ಬದಲಾಯಿಸಬೇಕು ಅಷ್ಟೇ. ಅದಕ್ಕೆ ಎಣ್ಣೆ ಗ್ರೀಸು ತಾಗಿಸಬಾರದು.

ಚಕ್ರ ಬಿಚ್ಚಿಸಿದಾಗಲೆಲ್ಲಾ, ಸುಗ್ಗಿಯ ಹೊರೆ ಶುರುವಾಗುವ ಮೊದಲೊಮ್ಮೆ, ದಾರ ಹಿಡಿದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಅರ್ಧ ಗಂಟೆ ಸಾಕು. ಇದಕ್ಕಿಂತ ಸುಲಭದ ದಾರಿ ಕಂಡುಕೊಂಡವರು ಪತ್ರಿಕೆಗೆ ಬರೆದರೆ ಎಲ್ಲರಿಗೂ ಉಪಕಾರವಾದೀತು.